ಮಂಚದ ಕೆಳಗಿನ ಜಾಗ

ಅತ್ತೆ ಕಣ್ಣುಮುಚ್ಚಿ ಯಾವ ಕಾಲವಾಯಿತೋ. ಅವರ ಇಬ್ಬರು ಗಂಡುಮಕ್ಕಳೂ ಒಬ್ಬರ ಹಿಂದೊಬ್ಬರು ಅಮ್ಮನ ದಾರಿ ಹಿಡಿದಾಯಿತು. ಆದರೂ ನೆಂಟರ ಬಾಯಲ್ಲಿ ಈ ಇಬ್ಬರು ಹೆಂಗಸರು ಇಂದಿಗೂ ಹಿರಿಸೊಸೆ, ಕಿರಿಸೊಸೆ. ತಲೆ ಪೂರ್ತಿ ಬೆಳ್ಳಗಾದರೂ ಬಡ್ತಿ ಸಿಕ್ಕಿರಲಿಲ್ಲ. ಓರಗಿತ್ತಿಯರ ಜಗಳ ಮಾತ್ರ ಯಾರ ಸಾವಿಗೂ ರಜೆ ಹಾಕದೆ ನಡೆದುಕೊಂಡು ಬಂದಿತ್ತು.

ಸದ್ಯದ ಜಗಳ ಮನೆಗಾಡಿಯದು. ಮುಂದೆ ಸ್ಟೀರಿಂಗು, ಹಿಂದೆ ಎರಡು ಮಂಚ, ಒಲೆ, ಫ್ರಿಜ್ಜು, ಬೆಂಕಿಪೆಟ್ಟಿಗೆಯಷ್ಟು ಬಚ್ಚಲು. ಹಿರಿಸೊಸೆಯ ಗಂಡ ಬಿಟ್ಟುಹೋದದ್ದರಲ್ಲಿ ಅವಳು ಮನಸಾರೆ ಇಷ್ಟಪಟ್ಟಿದ್ದು ಇದೊಂದನ್ನೇ. ಇದ್ದಾಗ ಗಂಡನನ್ನೂ ಸೇರಿಸಿ ನೋಡಿದ್ದರೂ ಈ ಮಾತು ಬದಲಾಗುತ್ತಿರಲಿಲ್ಲ. ಗಾಡಿಯ ಗೋಡೆಗೆ ಯಾರಾದರೂ ಒಂದು ಕೊಕ್ಕೆ ಅಂಟಿಸಲು ಹೋದರೂ ತನ್ನ ಎದೆಗೇ ಮೊಳೆ ಹೊಡೆದವರ ಹಾಗೆ ಕೂಗಾಡುತ್ತಿದ್ದಳು.

ಗಾಡಿ ಓಡಿಸುವ ಬ್ಯಾಟರಿ ಬೇರೆ, ಒಳಗಿನ ಸಂಸಾರ ನಡೆಸುವ ಬ್ಯಾಟರಿ ಬೇರೆ. ಈ ಸಂಸಾರದ ಬ್ಯಾಟರಿಗಳು ಮುದಿಯಾಗಿದ್ದವು. ದೀಪ ಹಾಕಿದರೆ ಫ್ರಿಜ್ಜು ಮುನಿಸಿಕೊಳ್ಳುವುದು, ಎರಡನ್ನೂ ಓಲೈಸಿದರೆ ನೀರಿನ ಪಂಪು ಕೈಕೊಡುವುದು. ಹಾಗಾಗಿ ಎಲ್ಲಿಗೆ ಹೋದರೂ ಪ್ಲಗ್ ಇರುವ ಜಾಗ ಹುಡುಕಿ, ಹತ್ತಾರು ಗಾಡಿಗಳ ನಡುವೆ ಒತ್ತಿಕೊಂಡು ನಿಲ್ಲಬೇಕಿತ್ತು.

"ಇಷ್ಟು ದೂರ ಬಂದು ಪಕ್ಕದವರ ಟಿವಿ ಕೇಳೋದಕ್ಕೆ ನಮ್ಮ ಟಿವಿ ಏನು ಪಾಪ ಮಾಡಿತ್ತು ಅಕ್ಕ? ಇದನ್ನ ಮಾರಿ ನಮ್ಮನೆಗೆ ಬಂದುಬಿಡಿ. ಒಂದು ರೂಮು ಖಾಲಿ ಬಿದ್ದಿದೆ," ಎನ್ನುತ್ತಿದ್ದಳು ಕಿರಿಸೊಸೆ, ಸಿಕ್ಕಾಗಲೆಲ್ಲ.

ಆ ರೂಮು ಹಿರಿಸೊಸೆಗೆ ಗೊತ್ತಿತ್ತು. ಕಿಟಕಿ ತೆರೆದರೆ ಪಕ್ಕದ ಕಟ್ಟಡದ ಗೋಡೆ, ಆ ಗೋಡೆಯ ಮೇಲೆ ಸಾಲಾಗಿ ಬೆವರು ಸುರಿಸುವ ಏಸಿ ಡಬ್ಬಗಳು. ಹಜಾರದಲ್ಲಿ ಬೆಳಗ್ಗೆಯಿಂದ ಅರಚುವ ಟಿವಿ. ಅಲ್ಲಿ ಕೂತು ಕೊನೆಗಾಲ ಕಳೆಯುವುದು ನೆನೆಸಿಕೊಂಡರೇ ಅವಳಿಗೆ ಉಸಿರು ಕಟ್ಟುತ್ತಿತ್ತು. ಆದರೆ ಕಿರಿಸೊಸೆ ತಲೆ ತಿನ್ನುವುದರಲ್ಲಿ ಎತ್ತಿದ ಕೈ. ಕೊನೆಗೊಂದು ದಿನ ಪಿತ್ತ ನೆತ್ತಿಗೇರಿ ಹಿರಿಸೊಸೆ ಪಂಥ ಕಟ್ಟಿದಳು. ಲಿಥಿಯಂ ಬ್ಯಾಟರಿ ಹಾಕಿಸುತ್ತೇನೆ, ಬೆಟ್ಟದ ಮೇಲಿನ ಕೆರೆಯ ಹತ್ತಿರ ಮೂರು ರಾತ್ರಿ ಇರೋಣ, ಪ್ಲಗ್ ಇಲ್ಲ, ಎಂಜಿನ್ ಶುರು ಮಾಡುವ ಹಾಗಿಲ್ಲ, ಚಾವಣಿಯ ಸೋಲಾರ್ ಒಂದೇ. ಕರೆಂಟು ಕೈಕೊಟ್ಟರೆ ಗಾಡಿ ಮಾರಿ ನಿನ್ನ ಮನೆಗೆ ಬರುತ್ತೇನೆ.

ಬ್ಯಾಟರಿ ಅಂಗಡಿಯವನು ಬಾಯಿ ತುಂಬ ಎಲ್ಲವನ್ನೂ ಹೇಳಿದ. "ಇದು ಹಗುರ, ಬೇಗ ತುಂಬುತ್ತೆ, ಕೊನೆವರೆಗೂ ಒಂದೇ ಸಮ ಕೊಡುತ್ತೆ. ಒಂದೇ ಸಮಸ್ಯೆ, ನೀರು ಹೆಪ್ಪುಗಟ್ಟೋ ಚಳೀಲಿ ಚಾರ್ಜ್ ತಗೊಳ್ಳಲ್ಲ. ಬಾಯಿ ಮುಚ್ಚಿಕೊಂಡು ಕೂತುಬಿಡುತ್ತೆ. ಹೊರಗಿನ ಗೂಡಲ್ಲಿ ಬೇಡ, ಒಳಗೆ ಮಂಚದ ಕೆಳಗೆ ಇಡೋಣ."

ಮಂಚದ ಕೆಳಗೆ ಆಗಲೇ ಕಿರಿಸೊಸೆಯ ಟ್ರಂಕು ಬಂದು ಕೂತಿತ್ತು. ಮೂರು ದಿನದ ಪ್ರವಾಸಕ್ಕೆ ಮದುವೆಗೆ ಹೊರಟವಳಂತೆ ಟ್ರಂಕು ತಂದಿದ್ದಳು. ಜಪ್ಪಯ್ಯ ಎಂದರೂ ತೆಗೆಯಲೊಲ್ಲಳು. "ನನ್ನ ಮಂಚ, ಅದರ ಕೆಳಗಿನ ಜಾಗಾನೂ ನಂದು," ಎಂದು ಅದರ ಮೇಲೇ ಕಾಲಿಟ್ಟುಕೊಂಡು ಕೂತಳು. ಅವಳನ್ನು ಬೇಡಿಕೊಳ್ಳುವುದಕ್ಕಿಂತ ಚಳಿಯನ್ನು ಎದುರಿಸುವುದೇ ಮೇಲೆಂದು ಹಿರಿಸೊಸೆ ಬ್ಯಾಟರಿಯನ್ನು ಹಳೆಯ ಹೊರಗಿನ ಗೂಡಿಗೇ ಹಾಕಿಸಿದಳು.

ಅಂಗಡಿಯವನು ಇಬ್ಬರನ್ನೂ ಒಮ್ಮೆ ನೋಡಿದ. "ಆಯ್ತಮ್ಮ. ತಂತಿ ಉದ್ದ ಬಿಟ್ಟಿದ್ದೀನಿ. ಗೂಡಿನ ಹಿಂದೇನೇ ಮಂಚ ಇರೋದು. ಬುದ್ಧಿ ಬಂದ ಮೇಲೆ ಒಳಗೆ ಎಳ್ಕೊಳ್ಳಿ."

ಕೆರೆಯ ದಂಡೆಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಮೊದಲ ದಿನ ಹಿರಿಸೊಸೆಯ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಬೇಕಿಲ್ಲದಿದ್ದರೂ ಕರೆಂಟಿನ ಕೆಟಲಿನಲ್ಲಿ ನೀರು ಕುದಿಸಿದಳು. ರುಬ್ಬಲು ಏನೂ ಇಲ್ಲದಿದ್ದರೂ ಮಿಕ್ಸಿ ತಿರುಗಿಸಿದಳು. ಒದ್ದೆಯೇ ಆಗದ ತಲೆಗೆ ಹೇರ್ ಡ್ರೈಯರ್ ಹಿಡಿದು ಓರಗಿತ್ತಿಯ ಎದುರು ಅತ್ತಿಂದಿತ್ತ ಓಡಾಡಿದಳು. ಕಿರಿಸೊಸೆ ಮಂಡಿಯ ಮೇಲೆ ಬಿಸಿನೀರಿನ ಬ್ಯಾಗ್ ಇಟ್ಟುಕೊಂಡು ನೋಡುತ್ತಿದ್ದಳು. ಸಂಜೆ ಹಚ್ಚಿದ ಹೀಟರು ರಾತ್ರಿಯಿಡೀ ಓಡಿತು.

ಬೆಳಗ್ಗೆ ಹೀಟರ್ ತಣ್ಣಗಾಗಿತ್ತು. ಕೆರೆಯ ಅಂಚಿನಲ್ಲಿ ಗಾಜಿನ ಹಾಗೆ ಮಂಜುಗಡ್ಡೆ. ಬ್ಯಾಟರಿಯ ಮೀಟರು ತಳ ಮುಟ್ಟಿತ್ತು. ಹಿರಿಸೊಸೆಗೆ ಗಾಬರಿಯಾಗಲಿಲ್ಲ. ಬಿಸಿಲು ಚಾವಣಿಯ ಸೋಲಾರ್ ಪ್ಯಾನೆಲ್ಲಿನ ಮೇಲೆ ಥಳಥಳ ಹೊಳೆಯುತ್ತಿತ್ತು, ಮಧ್ಯಾಹ್ನದೊಳಗೆ ತುಂಬಿಬಿಡುತ್ತದೆ ಎಂದುಕೊಂಡಳು. ಎಷ್ಟು ಹೊತ್ತು ನೋಡಿದರೂ ಮೀಟರಿನ ಮುಳ್ಳು ಅಲ್ಲಾಡಲಿಲ್ಲ. ಆಗ ಅಂಗಡಿಯವನ ಮಾತು ನೆನಪಾಯಿತು. ಗೂಡಿನ ಬಾಗಿಲು ಬೇರೆ ನೆರಳಿನ ಕಡೆಗಿತ್ತು. ಬ್ಯಾಟರಿ ಬಾಯಿ ಮುಚ್ಚಿಕೊಂಡು ಕೂತಿತ್ತು.

ಬೆಚ್ಚಗೆ ಮಾಡಲು ಹೀಟರ್ ಬೇಕು. ಹೀಟರ್ ಡೀಸೆಲ್ಲಿನದಾದರೂ ಅದರ ಫ್ಯಾನಿಗೆ ಬ್ಯಾಟರಿ ಬೇಕು. ಬ್ಯಾಟರಿಗೆ ಬಿಸಿ ಬೇಕು. ಈ ಸುತ್ತಿನಲ್ಲಿ ಮೂರು ಸಲ ಸುತ್ತಿ ಬಂದು ಅವಳು ಒಳಗೆ ಇಣುಕಿದಳು.

"ನಿನ್ನ ಬಿಸಿನೀರಿನ ಬ್ಯಾಗ್ ಸ್ವಲ್ಪ ಕೊಡ್ತೀಯಾ?"

"ನನ್ನ ಮಂಡಿಗೆ ಬೇಕು."

"ಗ್ಯಾಸ್ ಒಲೆ ಇದೆಯಲ್ಲ, ಆಮೇಲೆ ಮತ್ತೆ ಕಾಯಿಸಿ ಕೊಡ್ತೀನಿ."

"ಪಂಥ ಅಂದ್ರೆ ಪಂಥ ಅಕ್ಕ. ಸೋಲೋ ಹೊತ್ತಲ್ಲಿ ಸಹಾಯ ಕೇಳ್ಕೊಂಡು ನನ್ನತ್ರ ಬರಬೇಡಿ."

"ನಿನ್ನ ಮಂಡಿಗೇ ಇಟ್ಕೋ ಕಣೆ," ಎಂದು ಬಾಗಿಲು ದಬ್ಬಿ ಹಿರಿಸೊಸೆ ಗೂಡಿನ ಹತ್ತಿರ ಹೋದಳು. ಎರಡನೆಯ ಸಲ ಕೇಳುವ ಜಾಯಮಾನ ಅವಳದಲ್ಲ. ತನ್ನ ಶಾಲು, ಕೋಟು ಎರಡನ್ನೂ ಗೂಡಿನೊಳಗೆ ಬ್ಯಾಟರಿಗೆ ಹೊದಿಸಿ, ಎದುರಿಗೊಂದು ಮಡಚುವ ಕುರ್ಚಿ ಹಾಕಿಕೊಂಡು ನಡುಗುತ್ತ ಕೂತಳು. ಅದನ್ನು ಎತ್ತಿ ಒಳಗೆ ಒಯ್ಯಬಹುದೆಂದು ಅವಳಿಗೆ ಹೊಳೆಯಲೇ ಇಲ್ಲ. ಹಳೆಯ ಬ್ಯಾಟರಿಗಳನ್ನು ಎತ್ತಲು ಇಬ್ಬರು ಗಂಡಸರು ಬೇಕಾಗುತ್ತಿತ್ತು, ಒಬ್ಬನಿಗಂತೂ ಸೊಂಟವೇ ಹೋಗಿತ್ತು. ಏಸಿ ಡಬ್ಬಗಳ ಆ ಕಿಟಕಿ ಕಣ್ಣಮುಂದೆ ಬಂತು. ಅಳು ಬಂತು. ಅಳುವುದನ್ನು ಓರಗಿತ್ತಿ ನೋಡಬಾರದೆಂದು ಎದ್ದು ಕೆರೆಯ ಸುತ್ತ ನಡೆಯಲು ಹೋದಳು.

ಮೂಗು ಒರೆಸಿಕೊಂಡು ವಾಪಸು ಬಂದಾಗ ಗೂಡಿನ ಬಾಗಿಲು ತೆರೆದಿತ್ತು. ಶಾಲು, ಕೋಟು ಕುರ್ಚಿಯ ಮೇಲೆ ಮಡಚಿಟ್ಟಿದ್ದವು. ಬ್ಯಾಟರಿ ಇರಲಿಲ್ಲ. ಕೆರೆಗೆ ಎಸೆದಳು, ಅವಳ ತಲೆಗೆ ಹೊಳೆದ ಮೊದಲ ಮಾತೇ ಅದು. ಬೈಗುಳಗಳನ್ನೆಲ್ಲ ಬಾಯಲ್ಲಿ ಸಿದ್ಧ ಮಾಡಿಕೊಂಡು ಒಳಗೆ ನುಗ್ಗಿದಳು.

ಕಿರಿಸೊಸೆ ಮಂಚದ ಮೇಲೆ ಎರಡು ರಜಾಯಿ ಹೊದ್ದು ಮಲಗಿದ್ದಳು. ರಜಾಯಿಯೊಳಗಿಂದ ಬ್ಯಾಟರಿಯ ಮೂಲೆಯೊಂದು ಇಣುಕುತ್ತಿತ್ತು. ಅದರ ಒಂದು ಪಕ್ಕ ಬಿಸಿನೀರಿನ ಬ್ಯಾಗ್, ಇನ್ನೊಂದು ಪಕ್ಕ ಅವಳ ಹೊಟ್ಟೆ. ಎಳೆಗೂಸನ್ನು ಮಲಗಿಸಿಕೊಂಡ ಹಾಗೆ ತಬ್ಬಿಕೊಂಡಿದ್ದಳು. ಸ್ಪ್ಯಾನರು ದಿಂಬಿನ ಮೇಲಿತ್ತು.

"ಬಾಗಿಲು ಹಾಕಿ ಅಕ್ಕ, ಮಗೂಗೆ ಚಳಿ," ಎಂದಳು.

ಹಿರಿಸೊಸೆ ಬೈಗುಳ ನುಂಗಿದಳು. "ಹೇಗೆ ತಂದೆ ಇದನ್ನ?"

"ಎತ್ಕೊಂಡು. ಇದರಲ್ಲೇನಿದೆ ಭಾರ?"

"ಬಿಟ್ಟಿದ್ರೆ ನೀನು ಗೆದ್ದಿರ್ತಿದ್ದೆ. ಯಾಕೆ ಮಾಡಿದೆ?"

"ಗೂಡಿನ ಮುಂದೆ ಕೂತಿದ್ರಲ್ಲ, ನೋಡೋಕಾಗಲಿಲ್ಲ. ಭಾವ ಆಸ್ಪತ್ರೇಲಿದ್ದಾಗಲೂ ನೀವು ಹಾಗೆ ಕೂತಿರಲಿಲ್ಲ."

ಇದು ನಿಜವಾಗಿದ್ದರಿಂದ ಹಿರಿಸೊಸೆ ಹೋಗಿ ಬಾಗಿಲು ಹಾಕಿ ಬಂದಳು. ಬ್ಯಾಟರಿ ಬೆಚ್ಚಗಾಗುವವರೆಗೆ ಇಬ್ಬರೂ ಅದರ ಎರಡು ಕಡೆ ಕೂತು ಕಾದರು. ಆಮೇಲೆ ಹಿರಿಸೊಸೆ ಉದ್ದ ಬಿಟ್ಟಿದ್ದ ತಂತಿಗಳನ್ನು ಒಳಗೆ ಎಳೆದು, ಜಾಗ ಮಾಡಲು ಮಂಚದ ಕೆಳಗಿನ ಟ್ರಂಕಿಗೆ ಕೈ ಹಾಕಿದಳು.

"ಅದನ್ನ ಮುಟ್ಟಬೇಡಿ," ಎಂದಳು ಕಿರಿಸೊಸೆ. ಅಷ್ಟರಲ್ಲಿ ಟ್ರಂಕು ಈಚೆಗೆ ಬಂದು ಚಿಲಕ ಕಳಚಿತ್ತು.

ಒಳಗೆ ಬೇಸಿಗೆಯ ತೆಳು ಬಟ್ಟೆಗಳು, ಮಳೆಗಾಲದ ಬೂಟು, ತಿಂಗಳುಗಟ್ಟಲೆಗಾಗುವಷ್ಟು ಮಾತ್ರೆಗಳು. ಎಲ್ಲದರ ಮೇಲೆ, ಟವೆಲಿನಲ್ಲಿ ಸುತ್ತಿಟ್ಟ ಅವಳ ಹಜಾರದ ಗೋಡೆ ಗಡಿಯಾರ.

"ಮೂರು ದಿನಕ್ಕೆ ಗೋಡೆ ಗಡಿಯಾರ ಯಾಕೆ?"

ಕಿರಿಸೊಸೆ ರಜಾಯಿ ಮುಖದವರೆಗೆ ಎಳೆದುಕೊಂಡಳು. ಒಳಗಿಂದಲೇ ಮಾತಾಡಿದಳು. "ನೀವು ಸೋತ್ರೆ ನಮ್ಮನೆಗೆ ಬರ್ತೀರಿ. ಗೆದ್ರೆ ನಾನಿಲ್ಲೇ ಉಳ್ಕೊಂಡುಬಿಡೋಣ ಅಂತ ಬಂದಿದ್ದೆ. ಎರಡರಲ್ಲಿ ಯಾವುದಾದ್ರೂ ಸರಿ. ಟಿವಿ ಹಾಕೋದು ನೋಡೋಕಲ್ಲ ಅಕ್ಕ. ಆ ಮನೇಲಿ ಇನ್ನೊಂದು ದನಿ ಇಲ್ಲ. ನನಗೆ ಒಬ್ಬಳೇ ಇರೋಕೆ ಆಗ್ತಿಲ್ಲ."

ಹಿರಿಸೊಸೆಗೆ ಇಷ್ಟು ವರ್ಷ ಇವಳ ಮೇಲೆ ಕೂಗಾಡಿದ್ದೆಲ್ಲ ಒಮ್ಮೆಗೇ ನೆನಪಾಗಿ ನಾಚಿಕೆಯೂ ಆಯಿತು, ಮೊದಲೇ ಬಾಯಿಬಿಟ್ಟು ಹೇಳಲಿಲ್ಲವೆಂದು ಸಿಟ್ಟೂ ಬಂತು. ಬ್ಯಾಟರಿಯನ್ನು ಮಂಚದ ಕೆಳಗೆ ತಳ್ಳಿ, ಕೆಂಪು ತಂತಿ, ಕಪ್ಪು ತಂತಿ ಬಿಗಿದಳು. ಮೀಟರಿನ ಮುಳ್ಳು ಒಂದು ಕ್ಷಣ ಯೋಚಿಸಿ ಮೇಲೇಳತೊಡಗಿತು. ಇಬ್ಬರಲ್ಲಿ ಯಾರೂ ಪಂಥದ ಮಾತೆತ್ತಲಿಲ್ಲ.

ಹಿರಿಸೊಸೆ ಗಡಿಯಾರದ ಟವೆಲು ಬಿಚ್ಚಿ, ಕೈಯಲ್ಲಿ ಹಿಡಿದು, ಕಲೆಯಿಲ್ಲದ ತನ್ನ ಗೋಡೆಯನ್ನು ಆ ತುದಿಯಿಂದ ಈ ತುದಿವರೆಗೆ ನೋಡಿದಳು.

"ಆ ಡ್ರಾಯರಿನಲ್ಲಿ ಸುತ್ತಿಗೆ ಇದೆ," ಎಂದಳು. "ಒಂದು ಮೊಳೇನೂ ತಗೊಂಡು ಬಾ."