ಹತ್ತೊಂಬತ್ತನೆಯ ದಿನದ ಗಾಯ

"ಅಲುಗಾಡ್ಬೇಡಿ ಸರ್," ಎಂದು ಸಹಾಯಕಿ ಅವನ ತೋಳಿನ ಗಾಯಕ್ಕೆ ಅಳತೆಪಟ್ಟಿ ಹಿಡಿದಳು. "ಎರಡೂವರೆ ಮಿಲಿಮೀಟರ್. ನಿನ್ನೆಯಷ್ಟೇ."

"ಸರಿಯಾಗಿ ನೋಡಿದ್ಯಾ?"

"ಎರಡು ಸಲ ನೋಡ್ದೆ. ಇವತ್ತಿಗೆ ಹತ್ತೊಂಬತ್ತು ದಿನ. ಮೇಡಮ್ಮವರದು ಒಂಬತ್ತಕ್ಕೇ ಮುಚ್ಕೊಂಡಿತ್ತು." ಪೆನ್ನು ಎತ್ತಿದವಳು ಹಾಗೇ ನಿಂತಳು. "ನಿಮ್ಮ ಗುಂಪು ಬದಲಾಯಿಸ್ಬೇಕಾ ಸರ್?"

"ಬೇಡ. ಆಮೇಲೆ ನೋಡೋಣ."

ಪ್ರಯೋಗ ಅವನದೇ. ಮಿದುಳು ಹೆದರಿದರೆ ಮೂತ್ರಪಿಂಡದ ನೆತ್ತಿಯ ಗ್ರಂಥಿಗಳು ಹಾರ್ಮೋನು ಸುರಿಸುತ್ತವೆ. ಅದು ದೇಹ ಕಾಯುವ ಕಣಗಳ ಕೈ ಕಟ್ಟಿಹಾಕುತ್ತದೆ. ಗಾಯ ಬೇಗ ಮಾಯುವುದಿಲ್ಲ. ಹದಿನೈದು ವರ್ಷ ಪಾಠ ಹೇಳಿ ಹೇಳಿ ಅವನಿಗೆ ಇದು ಬಾಯಿಪಾಠ. ನೆಮ್ಮದಿಯಾಗಿರುವವರ ಗುಂಪಿಗೆ ಜನ ಸಾಲದೆ ಹೋದಾಗ ಜಂಬದಿಂದಲೇ ತನ್ನ ಹೆಸರನ್ನೂ ಹೆಂಡತಿಯ ಹೆಸರನ್ನೂ ಸೇರಿಸಿದ್ದ. ಇಬ್ಬರ ತೋಳಿಗೂ ಒಂದೇ ದಿನ, ಒಂದೇ ಅಳತೆಯ ಗಾಯ ಮಾಡಿದ್ದರು. ಪ್ರಶ್ನಾವಳಿಯಲ್ಲಿ 'ಮನೆಯಲ್ಲಿ ಜಗಳವಿದೆಯೇ' ಎಂಬಲ್ಲಿ ಇಬ್ಬರೂ 'ಇಲ್ಲ' ಎಂದು ಗುರುತು ಹಾಕಿದ್ದರು. ಸುಳ್ಳೇನಲ್ಲ. ಜಗಳವಾಡಿ ನಾಲ್ಕು ವರ್ಷವಾಗಿತ್ತು.

ಮಧ್ಯಾಹ್ನ ಮನೆಗೆ ಫೋನು ಮಾಡಿದ.

"ನಿನ್ನ ಗಾಯ ಅಷ್ಟು ಬೇಗ ಹೇಗೆ ಮಾಯ್ತು?"

"ನನ್ನ ಕೇಳ್ತೀರಲ್ಲ. ವಿಜ್ಞಾನಿ ನೀವು."

"ನಮ್ಮಿಬ್ಬರ ಬಗ್ಗೆ ನಿಂಗೆ ಏನೂ ಅನ್ಸಲ್ವಾ?"

ಆ ಕಡೆ ನಲ್ಲಿಯ ಸದ್ದು ನಿಂತಿತು. "ಮೊದ್ಲು ಅನ್ಸ್ತಿತ್ತು ರೀ."

"ಈಗ?"

"ಬರ್ತಾ ಒಂದು ಬಲ್ಬ್ ತನ್ನಿ. ಬಚ್ಚಲಮನೇದು ಹೋಗಿದೆ."

ಅವನಿಗೆ ಭಯವಾಯಿತು. ಅವಳು ಎಲ್ಲವನ್ನೂ ನುಂಗಿಕೊಂಡಿದ್ದಾಳೆಂದೇ ತಿಳಿದಿದ್ದ. ಒಂದಲ್ಲ ಒಂದು ದಿನ ಸಿಡಿದಾಳೆಂದು ಕಾದೂ ಇದ್ದ. ಆದರೆ ಅವಳು ಯಾವಾಗಲೋ ಹೊರಟುಹೋಗಿದ್ದಳು, ಅದೇ ಅಡುಗೆಮನೆಯಲ್ಲಿ ನಿಂತುಕೊಂಡೇ. ಮನೆಯೊಳಗೆ ಉಳಿದವನು ಇವನೊಬ್ಬನೇ.

ಮೂರು ಗಂಟೆಗೆ ಅಲಾರಾಂ ಹೊಡೆಯಿತು. ಹೆದರಿಸಲೆಂದು ದಿನಕ್ಕೆರಡು ಗಂಟೆ ಇಲಿಗಳನ್ನು ಇಕ್ಕಟ್ಟಾದ ಕೊಳವೆಗಳಲ್ಲಿ ಕೂಡಿಡುವುದು ಪ್ರಯೋಗದ ಇನ್ನೊಂದು ಭಾಗ. ಇಂದಿಗೆ ಅದು ಮುಗಿಯುತ್ತಿತ್ತು.

"ಸರ್, ನಿಮ್ಮ ಹಾಳೇಲಿ ಏನು ಬರೀಲಿ?" ಸಹಾಯಕಿ ಬಾಗಿಲಲ್ಲಿ ನಿಂತಿದ್ದಳು.

"ಮಾಯ್ತಾ ಇದೆ ಅಂತ ಬರಿ."

"ಅಳತೆ ಸರ್?"

ಅವನು ಮೊದಲ ಕೊಳವೆಯನ್ನು ಪಂಜರದೊಳಗಿಟ್ಟು ಮುಚ್ಚಳ ತೆಗೆದ. ಇಲಿ ಹಿಂದಕ್ಕೆ ಸರಿಯುತ್ತ ಹೊರಬಂತು. ಹೊಸ ಮರದ ಹೊಟ್ಟನ್ನು ಮೂಸಿತು, ನೀರು ಕುಡಿಯಿತು, ಪಂಜರವನ್ನೆಲ್ಲ ಒಂದು ಸುತ್ತು ಹಾಕಿತು. ಆಮೇಲೆ ತಾನಾಗಿಯೇ ಕೊಳವೆಯೊಳಕ್ಕೆ ನುಗ್ಗಿ, ತುದಿಯ ತೂತಿಗೆ ಮೂತಿಯಿಟ್ಟು ಸುಮ್ಮನಾಯಿತು.

ಮುಚ್ಚಳ ಇನ್ನೂ ಅವನ ಕೈಯಲ್ಲೇ ಇತ್ತು.