ಮೊದಲು ಬೆರಳು, ಆಮೇಲೆ ಸ್ವಿಚ್ಚು

ಮೂಡುಬಿದಿರೆಯ ಸಾವಿರ ಕಂಬದ ಬಸದಿಯ ಕಂಬಗಳನ್ನಾದರೂ ಯಾರೋ ಕುಳಿತು ಎಣಿಸಿರಬಹುದು. ಈ ಶಾಫಿ ಬದುಕಿಸಿದ ಕಂಪ್ಯೂಟರುಗಳನ್ನು ಎಣಿಸುವವರು ಇನ್ನೂ ಹುಟ್ಟಿಲ್ಲ. ಪುಂಜಾಲಕಟ್ಟೆಯ ನನ್ನ ಅಂಗಡಿಯ ಮುಂದೆ ರಿಕ್ಷಾದಿಂದ ಇಳಿಸುವಾಗಲೇ ಅರ್ಧಕ್ಕರ್ಧ ಯಂತ್ರಗಳು ಹೆದರಿ ಸರಿಯಾಗುತ್ತವೆ. ಅಂಥ ನನ್ನನ್ನು ಒಂದೇ ಸಾಲಿನ ಒಂದು ಮೆಸೇಜು ಬಂಟ್ವಾಳಕ್ಕೆ ಮತ್ತೆ ಮತ್ತೆ ಓಡಿಸಿತು.

ರಮಾನಾಥ ಮಾಸ್ಟ್ರ ಕಂಪ್ಯೂಟರ್ ಅದು. ಬಂಟ್ವಾಳ ಪೇಟೆಯಲ್ಲಿ ಟೈಪಿಂಗ್ ಕ್ಲಾಸ್ ನಡೆಸಿ, ನನ್ನನ್ನೂ ಸೇರಿಸಿ ಅರ್ಧ ಜಗತ್ತಿಗೆ ಕಲಿಸಿದವರು. ಈಗ ಅವರಿಗೆ ನರಗಳು ಒಂದೊಂದಾಗಿ ಸೋಲುವ ಕಾಯಿಲೆ. ಕಾಲು ಹೋಯಿತು, ಎಡಗೈ ಹೋಯಿತು, ಕಳೆದ ವರ್ಷ ದನಿಯೂ ಹೋಯಿತು. ಉಳಿದದ್ದು ಬಲಗೈಯ ತೋರುಬೆರಳೊಂದೇ. ಅದರಲ್ಲಿ ಅವರು ಒತ್ತಿದ ಅಕ್ಷರಗಳನ್ನು ಕಂಪ್ಯೂಟರ್ ಗಟ್ಟಿಯಾಗಿ ಓದಿ ಹೇಳುತ್ತದೆ. ಆ ಯಂತ್ರ ನಿಂತರೆ ಮಾಸ್ಟ್ರಿಗೆ ಮಾತಿಲ್ಲ.

ಮೊದಲು ಹೋದಾಗ ನಾನು ಬಾಗಿಲಲ್ಲೇ ಶುರುಮಾಡಿದ್ದೆ: “ಹೆದರಬೇಡಿ ಮಾಸ್ಟ್ರೇ, ಇಂಥದ್ದು ನಾನು ಕಣ್ಣು ಮುಚ್ಚಿ ಮಾಡ್ತೇನೆ.”

ಯಂತ್ರ ತಡವರಿಸಿ ಹೇಳಿತು: “ಬಡಾಯಿ ಸಾಕು. ಕಣ್ಣು ಬಿಟ್ಟು ಮಾಡು.”

ಯಂತ್ರವನ್ನು ಅಂಗಡಿಗೆ ತಂದು ನೂರು ಸಲ ಸ್ವಿಚ್ ಹಾಕಿ ತೆಗೆದೆ. ಕಳ್ಳ ಯಂತ್ರ ಒಮ್ಮೆಯೂ ಕೂಗಲಿಲ್ಲ. ಮನೆಗೆ ಒಯ್ದ ಮರುದಿನವೇ ಅವರ ಹೆಂಡತಿ ವಿನೋದಕ್ಕನ ಫೋನು: “ಶಾಫಿ, ಪುನಃ ಅದೇ. ಸ್ವಿಚ್ ಹಾಕಿದ ಕೂಡಲೇ ಕುಂಯ್ ಅಂತದೆ, ‘ಕೀಬೋರ್ಡ್ ಎರರ್’ ಅಂತ ಬರ್ತದೆ.”

ಹೊಸ ಕೀಬೋರ್ಡ್ ಹಾಕಿದೆ. ವೈರು ಬದಲಿಸಿದೆ. ಆ ಸಲ ಮಾಸ್ಟ್ರು ಹೇಳಿದ್ದು “ಸಾಕು” ಎಂಬ ಒಂದೇ ಮಾತು. ವಾರ ಕಳೆಯಿತು, ಮತ್ತೆ ಕರೆ ಬಂತು.

“ಇದು ಶುರುವಾದ ಮೇಲೆ ಇವರು ಮಾತಾಡುವುದೇ ಕಡಿಮೆ ಮಾರಾಯ,” ವಿನೋದಕ್ಕ ಬಾಗಿಲಲ್ಲಿ ಪಿಸುಗುಟ್ಟಿದರು. “ಈ ದರಿದ್ರ ಮೆಸೇಜು ನೋಡಿ ಬೇಸರ ಬರ್ತದೆ ಕಾಣ್ತದೆ. ಅದೊಂದು ಹೋದರೆ ಸರಿಯಾಗ್ತಾರೆ.”

“ಇವತ್ತು ಅದರ ವಂಶವೇ ನಿರ್ವಂಶ ಅಕ್ಕ,” ಎಂದೆ. ಯಂತ್ರದ ಹೊಟ್ಟೆಯೊಳಗೆ ಒಂದು ಸೆಟ್ಟಿಂಗ್ ಉಂಟು: ದೋಷ ಕಂಡರೂ ಹೇಳಬೇಡ, ಮುಂದೆ ಹೋಗು. ಅದನ್ನೇ ಒತ್ತಿ ಕಂಪ್ಯೂಟರ್ ಆಫ್ ಮಾಡಿದೆ.

“ಹಾಕಿ ಅಕ್ಕ, ನೋಡುವ.”

ವಿನೋದಕ್ಕ ಸ್ವಿಚ್ಚಿಗೆ ಕೈ ಹಾಕಲಿಲ್ಲ. ಮೊದಲು ಕೀಬೋರ್ಡನ್ನು ಮಾಸ್ಟ್ರ ಮಡಿಲಿಗೆ ತಂದು, ಅವರ ಬೆರಳನ್ನು ಜಕಾರದ ಕೀಲಿಯ ಮೇಲೆ ಇಟ್ಟರು. ಬೆರಳು ತನ್ನ ಜಾಗದಲ್ಲಿ ಕೂರದೆ ಯಂತ್ರ ಶುರುವಾಗಬಾರದು, ಅದು ಆ ಕ್ಲಾಸಿನ ನಿಯಮ. ಅಲ್ಲೇ ಕಲಿತು ಮಾಸ್ಟ್ರನ್ನೇ ಮದುವೆಯಾದವರು ಅದನ್ನು ಮರೆಯುತ್ತಾರೆಯೇ? ನನ್ನ ಅಂಗಡಿಯಲ್ಲಿ ಮಾತ್ರ ಆ ಬೆರಳು ಇರಲಿಲ್ಲ.

ಸ್ವಿಚ್ಚು ಬಿತ್ತು. ಕುಂಯ್ ಇಲ್ಲ, ಮೆಸೇಜಿಲ್ಲ. ವಿನೋದಕ್ಕ ಚಪ್ಪಾಳೆ ತಟ್ಟಿದರು. ಬರೆಯುವ ಪುಟ ತಾನಾಗಿ ತೆರೆದುಕೊಂಡಿತು.

ಜಜಜಜಜಜಜ.

ಸಾಲು ತುಂಬಿ ಕೆಳಗಿಳಿಯಿತು. ದನಿ ಓದತೊಡಗಿತು: ಜ, ಜ, ಜ, ಜ.

“ಮಾಸ್ಟ್ರೇ, ಬೆರಳು ಒಮ್ಮೆ ಎತ್ತಿ.”

ಅವರ ಹಣೆಯಲ್ಲಿ ಬೆವರು ಒಡೆಯಿತು. ಕುತ್ತಿಗೆಯ ನರ ಬಿಗಿಯಿತು. ಬೆರಳು ಮಾತ್ರ ಬಿದ್ದಲ್ಲೇ ಇತ್ತು.

“ಎತ್ತಿ ಮಾಸ್ಟ್ರೇ.”

“ಎತ್ತುತ್ತಾ ಇದ್ದಾರೆ,” ವಿನೋದಕ್ಕ ಹೇಳಿದರು. “ಕಾಣುವುದಿಲ್ವಾ ನಿನಗೆ?”

ಶುರುವಾಗುವಾಗ ಯಾವುದೋ ಕೀಲಿ ಒತ್ತಿಕೊಂಡೇ ಇದ್ದರೆ ಬರುವ ಮೆಸೇಜು ಅದು. ಯಂತ್ರ ಅಷ್ಟು ದಿನವೂ ಸತ್ಯವನ್ನೇ ಕೂಗುತ್ತಿತ್ತು. ನಾನು ಅದರ ಬಾಯಿ ಮುಚ್ಚಿಸಿದ್ದೆ.

ವಿನೋದಕ್ಕ ಆ ಬೆರಳನ್ನು ತಾವೇ ಎತ್ತಿ ಅಂಗೈಯಲ್ಲಿ ಹಿಡಿದರು. ದನಿ ನಿಂತಿತು. ನನ್ನ ಮುಖ ನೋಡದೆ ಕೇಳಿದರು: “ಈ ಕೀಬೋರ್ಡ್ ಸರಿ ಇಲ್ಲ ಅಲ್ವಾ ಶಾಫಿ?”

“ಸರಿ ಇಲ್ಲ ಅಕ್ಕ. ಪ್ರಪಂಚದಲ್ಲಿ ಇಂಥ ಹಾಳು ಕೀಬೋರ್ಡ್ ಇನ್ನೊಂದಿಲ್ಲ. ಮಂಗಳೂರಿನಿಂದ ಒಳ್ಳೆಯದು ತರಿಸ್ತೇನೆ. ಮುಟ್ಟಿದರೆ ಸಾಕು, ತಾನೇ ಬರೆಯುವಂಥದ್ದು.”

ಮಾಸ್ಟ್ರು ನನ್ನನ್ನು ನೋಡಿದರು. ಕ್ಲಾಸಿನಲ್ಲಿ ತಪ್ಪು ಅಕ್ಷರ ಒತ್ತಿ ಕಾಗದವನ್ನು ಕೈಯಿಂದ ಮುಚ್ಚಿಕೊಳ್ಳುತ್ತಿದ್ದ ನನ್ನನ್ನು ಆಗೆಲ್ಲ ಹಾಗೆಯೇ ನೋಡುತ್ತಿದ್ದರು. ಆಮೇಲೆ ನಿಧಾನಕ್ಕೆ ಕಣ್ಣು ಮುಚ್ಚಿಕೊಂಡರು.