ಏಳನೆಯ ಅಡಿಟಿಪ್ಪಣಿ

ಆ ಹೆಂಗಸು ನನ್ನ ಕೋಣೆಯ ಬಾಗಿಲು ತಟ್ಟಿ ಒಳಗೆ ಬಂದು, ಚೀಲದಿಂದ ನನ್ನದೇ ಲೇಖನದ ಜೆರಾಕ್ಸ್ ಪ್ರತಿ ಹೊರತೆಗೆದಾಗ ನಾನು ಮಾಡಿದ ಮೊದಲ ಕೆಲಸ ಜೇಬಿನಿಂದ ಪೆನ್ನು ತೆಗೆದದ್ದು. ರುಜು ಕೇಳಲು ಬಂದಿದ್ದಾಳೆ ಅಂದುಕೊಂಡೆ. ಇದನ್ನು ಮುಚ್ಚಿಡದೆ ಬರೆಯುತ್ತಿದ್ದೇನೆ, ಏಕೆಂದರೆ ಮುಂದೆ ಹೇಳಬೇಕಾದದ್ದು ಇದಕ್ಕಿಂತ ನಾಚಿಕೆಗೇಡಿನದು.

"ಇದು ನಿಮ್ಮದೇನಾ ಸರ್?"

"ನನ್ನದೇ. ಕೂತ್ಕೊಳ್ಳಿ. ಯಾವ ವಿಶ್ವವಿದ್ಯಾಲಯ ನೀವು?"

"ಲಾಂಡ್ರಿ, ಸರ್" ಎಂದಳು.

ಮೂವತ್ತರ ಆಸುಪಾಸಿನ ವಕೀಲೆ. ಆಸ್ಪತ್ರೆ, ಹೋಟೆಲುಗಳ ಹಾಸಿಗೆಬಟ್ಟೆ ಒಗೆದು ಇಸ್ತ್ರಿ ಮಾಡಿಕೊಡುವ ದೊಡ್ಡ ಲಾಂಡ್ರಿಯೊಂದರ ಕಾರ್ಮಿಕರ ಸಂಘದ ಪರವಾಗಿ ಬಂದಿದ್ದಳು. "ಉಗಿ ಇಸ್ತ್ರಿ ಮೆಷಿನ್ನಿಗೆ ಕೈ ಸಿಕ್ಕದ ಹಾಗೆ ತಡೆ ಹಾಕಿಸಿ ಅಂತ ನಾವು ಕೇಳ್ತಾ ಇರೋದು. ಕಾರ್ಮಿಕ ಇಲಾಖೆ ವಿಚಾರಣೆ ನಡೆಸ್ತಿದೆ. ಕಂಪನಿ ವಕೀಲರು ನಿಮ್ಮ ಲೇಖನಾನ ದಾಖಲೆ ಅಂತ ಕೊಟ್ಟಿದ್ದಾರೆ. ಮೂರು ಸಲ ಓದಿದೆ. ಅರ್ಥ ಆಗ್ಲಿಲ್ಲ ಅಂತಲ್ಲ, ಅರ್ಥ ಆಗಿದ್ದಕ್ಕೇ ಬಂದೆ."

ಪೆನ್ನನ್ನು ಮತ್ತೆ ಜೇಬಿಗೆ ಸಿಕ್ಕಿಸಿಕೊಂಡೆ.

ನನ್ನನ್ನು ವಿಭಾಗದಲ್ಲಿ ಬೆನ್ನ ಹಿಂದೆ 'ನೋವಿನ ಮೇಷ್ಟ್ರು' ಅನ್ನುತ್ತಾರೆ. ಈಚೀಚೆಗೆ ಮುಖದ ಮುಂದೆಯೂ. ಮನಸ್ಸು ಎಂದರೇನು, ಇರುವುದು ಎಂದರೇನು ಎಂಬ ಎರಡು ಪ್ರಶ್ನೆಗಳನ್ನು ಮೂವತ್ತೊಂದು ವರ್ಷ ಜಗಿದು ಸಂಬಳ ತೆಗೆದುಕೊಂಡವನು ನಾನು. ಉಪನ್ಯಾಸಕನಾದದ್ದು, ಪ್ರಾಧ್ಯಾಪಕನಾದದ್ದು, ಸಮ್ಮೇಳನಗಳಿಗೆ ಹೋಗಿ ಕತ್ತಿಗೆ ಹೆಸರಿನ ಬಿಲ್ಲೆ ನೇತುಹಾಕಿಕೊಂಡು ಓಡಾಡಿದ್ದು ಎಲ್ಲವೂ ಆ ಹನ್ನೆರಡು ಪುಟಗಳ ಒಂದೇ ಲೇಖನದಿಂದ. ಅದರ ವಾದ ಇಷ್ಟು: ನೋವು ಅದನ್ನು ಅನುಭವಿಸುವವರಲ್ಲಿ ಬಿಟ್ಟು ಬೇರೆಲ್ಲೂ ಇಲ್ಲ. ಚರ್ಮ ಸುಟ್ಟಿರಬಹುದು, ಬೊಬ್ಬೆ ಎದ್ದಿರಬಹುದು. ಆದರೂ 'ನನಗೆ ನೋವಿಲ್ಲ' ಎಂದು ಒಬ್ಬರು ಪ್ರಾಮಾಣಿಕವಾಗಿ ಹೇಳಿದರೆ ಅಲ್ಲಿ ನೋವು ಇಲ್ಲವೇ ಇಲ್ಲ. ಅವರ ಮಾತಿನ ಮೇಲೆ ಡಾಕ್ಟರಾಗಲಿ ಯಂತ್ರವಾಗಲಿ ತೀರ್ಪು ಕೊಡುವಂತಿಲ್ಲ. ಉದಾಹರಣೆಗೆ ಲಾಂಡ್ರಿಯಲ್ಲಿ ದುಡಿಯುವ ಒಬ್ಬಾಕೆ. ಅಂಗೈ ಸುಟ್ಟಿದೆ. ನೋಯುತ್ತಿದೆಯಾ ಎಂದರೆ ಇಲ್ಲ ಅನ್ನುತ್ತಾಳೆ.

ನಮ್ಮ ಕಸುಬಿನಲ್ಲಿ ಲೇಖನ ಅಚ್ಚಾಗುವ ಮುಂಚೆ ಹೆಸರು ಗೊತ್ತಿಲ್ಲದ ಇಬ್ಬರು ಓದಿ ಒರೆಗೆ ಹಚ್ಚುತ್ತಾರೆ. ಉದಾಹರಣೆಗಳನ್ನು ಹುಟ್ಟಿಸಿಕೊಳ್ಳಲು ನಮಗೆ ಯಾರ ಅಪ್ಪಣೆಯೂ ಬೇಕಿಲ್ಲ. ಕಲ್ಪನೆಯಲ್ಲೇ ಮಿದುಳನ್ನು ಪಾತ್ರೆಯಲ್ಲಿಡುತ್ತೇವೆ, ಸತ್ತವರನ್ನು ನಡೆಸುತ್ತೇವೆ. ಆದರೆ ಆ ಸಲ ಇಬ್ಬರಲ್ಲೊಬ್ಬರು ಪಟ್ಟು ಹಿಡಿದರು: 'ಇಂಥವರು ನಿಜಕ್ಕೂ ಇದ್ದಾರೆಯೇ? ಬರೀ ಕಲ್ಪನೆಯಾದರೆ ವಾದ ನಿಲ್ಲುವುದಿಲ್ಲ.' ನಾನು ಏಳನೆಯ ಅಡಿಟಿಪ್ಪಣಿ ಸೇರಿಸಿದೆ. 'ಈ ಮಹಿಳೆಯನ್ನು ಲೇಖಕ ಹತ್ತಿರದಿಂದ ಬಲ್ಲ. ಆಕೆಯ ಮಾತು ಪ್ರಾಮಾಣಿಕ ಎಂಬುದರಲ್ಲಿ ಸಂಶಯವಿಲ್ಲ.' ಎರಡೇ ವಾಕ್ಯ. ಲೇಖನ ಒಪ್ಪಿಗೆಯಾಯಿತು.

ಆ ಮಹಿಳೆ ನನ್ನ ಅಕ್ಕ.

ವಕೀಲೆ ಆ ಟಿಪ್ಪಣಿಯ ಕೆಳಗೇ ಹಳದಿ ಬಣ್ಣದಲ್ಲಿ ಗೆರೆ ಎಳೆದಿದ್ದಳು. "ಕೈ ಸುಟ್ಟ ದಿನ ಸೂಪರ್‌ವೈಸರ್ ಒಂದು ಪುಸ್ತಕ ತರ್ತಾನೆ ಸರ್. ಹೆಸರು, ಹೊತ್ತು, ಆಮೇಲೆ 'ನೋವು ಇದೆ', 'ನೋವು ಇಲ್ಲ' ಅಂತ ಎರಡು ಕಾಲಂ. ಇದೆ ಅಂತ ಹಾಕಿದವರನ್ನ ಅವತ್ತೇ ಮನೆಗೆ ಕಳಿಸ್ತಾರೆ. ಮುಂದಿನ ವಾರದ ಪಾಳಿ ಪಟ್ಟೀಲಿ ಅವರ ಹೆಸರು ಇರಲ್ಲ. ಅದಕ್ಕೇ ಎಲ್ರೂ ಇಲ್ಲ ಅಂತ್ಲೇ ಹಾಕ್ತಾರೆ. ನಲವತ್ತು ವರ್ಷದ ಪುಸ್ತಕ. ಒಬ್ಬರಿಗೂ ನೋವಿಲ್ಲ. ಸ್ವರ್ಗ ಸರ್ ಅದು."

"ಇದಕ್ಕೂ ನನ್ನ ಲೇಖನಕ್ಕೂ..."

"ಕೈ ಸುಟ್ಟುಕೊಂಡವರೇ 'ನೋವು ಇಲ್ಲ' ಅಂತ ಬರೆದಿದ್ದಾರೆ, ಅದರ ಮೇಲೆ ಮಾತಾಡೋಕೆ ಯಾರಿಗೂ ಹಕ್ಕಿಲ್ಲ ಅಂತ ಇಷ್ಟು ದೊಡ್ಡ ವಿದ್ವಾಂಸರೇ ಹೇಳಿದ್ದಾರೆ ಅಂತಾರೆ ಕಂಪನಿಯವರು. ನೋವೇ ಇಲ್ಲದ ಮೇಲೆ ತಡೆ ಯಾಕೆ? ಮೂವತ್ತೆಂಟು ಜನರ ಕೈ ಸರ್."

ನನಗೆ ಎದೆ ಧಸಕ್ಕೆಂದಿತು ಎಂದು ಬರೆದರೆ ಸುಳ್ಳಾದೀತು. ನನಗೆ ಹೊಳೆದದ್ದು ಒಂದು ಉಪಾಯ. ಲೇಖನದಲ್ಲಿ 'ಪ್ರಾಮಾಣಿಕವಾಗಿ' ಎಂಬ ಷರತ್ತು ಇದೆಯಲ್ಲ! ಹೆದರಿಸಿ ಬರೆಸಿಕೊಂಡದ್ದು ಪ್ರಾಮಾಣಿಕ ಮಾತಲ್ಲ. ಹಾಗಾಗಿ ನನ್ನ ವಾದವೂ ಸರಿ, ಇವರ ನೋವೂ ಸರಿ. ವಕೀಲೆಗೆ ಹಾಗೇ ಹೇಳಿದೆ. ಅವಳ ಮುಖ ಅರಳಿತು. ಗುರುವಾರ ಬಂದು ಇಷ್ಟು ಹೇಳಿ ಸಾಕು ಎಂದಳು. ಆ ಟಿಪ್ಪಣಿಯ ಹೆಂಗಸು ಯಾರೆಂದು ಅವಳು ಕೇಳಲಿಲ್ಲ. ನಾನೂ ಬಾಯಿ ಬಿಡಲಿಲ್ಲ.

ಭಾನುವಾರ ಅಕ್ಕನ ಮನೆಗೆ ಹೋದೆ. ಊರಿನ ಆ ತುದಿಯಲ್ಲಿ ಮೂರನೆಯ ಮಹಡಿಯ ಎರಡು ಕೋಣೆ. ಅಕ್ಕ ಕಿಟಕಿಯ ಪರದೆಗೆ ಅಂಚು ಹೊಲಿಯುತ್ತಿದ್ದಳು, ಎಡಗೈಯಲ್ಲಿ. ಬಲಗೈಯ ಎರಡು ಬೆರಳು ಪೂರಾ ಮಡಚುವುದಿಲ್ಲ. ಅದು ನನಗೆ ಎಷ್ಟು ರೂಢಿಯಾಗಿತ್ತೆಂದರೆ, ಅಕ್ಕ ಎಡಚಿ ಎಂದೇ ನನ್ನ ಹೆಂಡತಿಗೆ ಹೇಳಿದ್ದೆ.

"ಏನೋ ಪುಟ್ಟಾ, ಫೋನೂ ಮಾಡ್ದೆ ಬಂದಿದೀಯ. ಹೆಂಡತಿ ಓಡಿಸಿದ್ಲಾ?"

ಐವತ್ತೆಂಟು ವರ್ಷದ ಪುಟ್ಟ ನಾನು. ಅಮ್ಮ ತೀರಿಕೊಂಡಾಗ ನನಗೆ ಹತ್ತು, ಅವಳಿಗೆ ಹತ್ತೊಂಬತ್ತು. ತಿಂಗಳು ತುಂಬುವುದರೊಳಗೆ ಲಾಂಡ್ರಿಗೆ ಸೇರಿದಳು. ನನ್ನ ಪಿಎಚ್‌ಡಿ ಮುಗಿಯುವ ತನಕ ಅದೇ ಕೆಲಸ, ಆಮೇಲೂ ಅದೇ.

"ಅಕ್ಕ, ನಿಂಗೆ ಜ್ಞಾಪಕ ಇದೆಯಾ, ಒಂದಿನ ನೀನು ಕೈ ಸುಟ್ಕೊಂಡು ಬಂದಿದ್ದೆ. ನಾನು ಅಡುಗೆಮನೆ ಮೇಜಿನ ಮೇಲೆ ಬರೀತಾ ಕೂತಿದ್ದೆ."

"ಒಂದಿನಾನಾ? ಲೆಕ್ಕ ಇಟ್ಟಿದೀಯಲ್ಲೋ ಪಾಪ!"

"ದೊಡ್ಡದಾಗಿ ಸುಟ್ಟಿತ್ತು. ನೋಯ್ತಿದೆಯಾ ಅಂದೆ. ನೀನು ಇಲ್ಲ ಅಂದೆ."

"ಅಂದಿರ್ತೀನಿ. ಮೂರು ದಿನಕ್ಕೆ ನೀನು ಏನೋ ಒಪ್ಪಿಸಬೇಕಿತ್ತು. ನೋಯ್ತಿದೆ ಅಂದಿದ್ರೆ ನೀನು ಪುಸ್ತಕ ಮುಚ್ಚಿಟ್ಟು, ನಾನೂ ಕೆಲಸಕ್ಕೆ ಹೋಗ್ತೀನಿ ಅಂತ ಶುರು ಮಾಡ್ತಿದ್ದೆ. ನಿನ್ನ ಆ ನಾಟಕ ಬೇರೆ ಯಾರು ನೋಡೋದು."

ನಾನು ಲೇಖನದ ವಿಷಯ, ಗುರುವಾರದ ವಿಚಾರಣೆಯ ವಿಷಯ ಎಲ್ಲ ಹೇಳಿದೆ. ಅವಳಿಗೆ ಅದುವರೆಗೆ ಗೊತ್ತಿರಲಿಲ್ಲ. ನನ್ನ ಹೆಸರು ಅಚ್ಚಾದ ಪುಸ್ತಕಗಳನ್ನೆಲ್ಲ ಒರೆಸಿ ಜೋಡಿಸಿಟ್ಟಿದ್ದಳು, ಯಾವುದನ್ನೂ ಓದಿರಲಿಲ್ಲ. ಕೇಳುತ್ತಾ ಮೊದಲು ನಕ್ಕಳು.

"ಅಯ್ಯೋ ಪುಣ್ಯಾತ್ಮ! ನಾನು ಇಲ್ಲ ಅಂದಿದ್ದನ್ನ ನಂಬ್ಕೊಂಡು ಪುಸ್ತಕ ಬರೆದ್ಯಾ? ಇಷ್ಟೆಲ್ಲ ಓದಿ ಇಷ್ಟು ದಡ್ಡ ಆದ್ಯಾ?"

ಹೌದು ಅಕ್ಕ, ದಡ್ಡ, ಎಂದುಬಿಟ್ಟಿದ್ದರೆ ಮುಗಿಯುತ್ತಿತ್ತು. ಅವಳು ನಗುತ್ತಲೇ ಎದ್ದು ಕಾಫಿಗೆ ಇಡುತ್ತಿದ್ದಳು. ಏನಾಯಿತೋ, ನಿಜ ಹೇಳಿದೆ.

"ನಂಬಿರ್ಲಿಲ್ಲ."

"ಏನು?"

"ನೀನು ಆಮೇಲೆ ಹಿಂದಿನ ಬಚ್ಚಲಿಗೆ ಹೋದೆ. ಬಾಗಿಲು ಪೂರ್ತಿ ಮುಚ್ಚಿರ್ಲಿಲ್ಲ. ಬಕೆಟ್ಟಿನಲ್ಲಿ ಕೈ ಮುಳುಗಿಸಿ, ಟವೆಲ್ಲಿನ ತುದಿ ಕಚ್ಚಿ ಹಿಡ್ಕೊಂಡಿದ್ದೆ. ನಾನು ನೋಡಿದೆ. ನೋಡಿ ಬಂದು ಕೂತು, ಬರ್ದೆ."

ಸೂಜಿಯನ್ನು ಅಕ್ಕ ಪರದೆಗೆ ಚುಚ್ಚಿಟ್ಟಳು. ಬೀದಿಯಲ್ಲಿ ಯಾರೋ ಸೈಕಲ್ಲಿಗೆ ಗಾಳಿ ಹೊಡೆಯುತ್ತಿದ್ದರು. ಅವಳು ಎದ್ದು ಕಿಟಕಿ ಮುಚ್ಚಿ ಬಂದು ಕೂತಳು.

"ನನ್ನ ಕೈ ಬಗ್ಗೆ ಬರ್ಕೋ, ಪರವಾಗಿಲ್ಲ. ನಿಂಗೋಸ್ಕರಾನೇ ಸುಟ್ಕೊಂಡಿದ್ದು ಅದು. ಆ ಹುಡುಗೀರ ಕೈನ ಯಾಕೋ ಅದಕ್ಕೆ ಸೇರಿಸಿದೆ?"

"ನಾನು ಸೇರಿಸ್ಲಿಲ್ಲ ಅಕ್ಕ. ಕಂಪನಿ ವಕೀಲ..."

"ನೀನು ಬರೀದೇ ಇದ್ದಿದ್ರೆ ಅವನು ಏನು ತೋರಿಸ್ತಿದ್ದ? ನನ್ನ ಮುಖಾನಾ? ಗುರುವಾರ ಹೋಗಿ ಹೇಳ್ತೀಯಾ, ನೋಡಿದ್ದೆ, ಗೊತ್ತಿತ್ತು ಅಂತ?"

"ಅಷ್ಟು ದೂರ ಹೋಗೋದು ಬೇಕಾಗಲ್ಲ. ಬೇರೆ ದಾರಿ ಇದೆ."

"ನಿಂಗೆ ಯಾವಾಗ್ಲೂ ಬೇರೆ ದಾರಿ ಇರುತ್ತೆ" ಎಂದಳು. ಅಂದು ಕಾಫಿ ಕೊಡಲಿಲ್ಲ.

ಆ ಬೇರೆ ದಾರಿಯನ್ನೇ ನಂಬಿಕೊಂಡು ಗುರುವಾರ ಕಾರ್ಮಿಕ ಇಲಾಖೆಯ ಎರಡನೆಯ ಮಹಡಿಗೆ ಹೋದೆ. ಉದ್ದನೆಯ ಕೋಣೆ, ಕಡತಗಳ ಕಪಾಟು, ಕಿರಿಕಿರಿ ಮಾಡುವ ಫ್ಯಾನು. ಗೋಡೆಗೆ ಒರಗಿಸಿದ ಬೆಂಚುಗಳ ಮೇಲೆ ಲಾಂಡ್ರಿಯ ಹೆಂಗಸರು. ನನ್ನನ್ನು ಕಂಡು ಇಬ್ಬರು ಎದ್ದು ನಿಂತರು. ಅವರ ಪರವಾಗಿ ಬಂದ ದೊಡ್ಡ ಮನುಷ್ಯ ನಾನು.

ನನ್ನ ಮಾತನ್ನು ಐದು ನಿಮಿಷದಲ್ಲಿ ಹೇಳಿ ಮುಗಿಸಿದೆ. ವಿಚಾರಣಾಧಿಕಾರಿ ತಲೆಯಾಡಿಸಿ ಬರೆದುಕೊಂಡರು. ಆಗ ಕಂಪನಿಯ ವಕೀಲ ಎದ್ದ. ಬಿಳಿ ಹುಬ್ಬಿನ, ಮೆಲುದನಿಯ ಮನುಷ್ಯ. ನನ್ನ ಲೇಖನವನ್ನು ಅಷ್ಟು ಶ್ರದ್ಧೆಯಿಂದ ಓದಿದವರನ್ನು ನಾನು ನಮ್ಮ ವಿಭಾಗದಲ್ಲೇ ಕಂಡಿಲ್ಲ.

"ಹೆದರಿ ಹೇಳಿದ ಮಾತು ಲೆಕ್ಕಕ್ಕಿಲ್ಲ ಅಂತೀರಿ. ಒಪ್ಪಿದೆ. ನಿಮ್ಮ ಉದಾಹರಣೆಯ ಮಹಿಳೆ ಯಾವ ಲಾಂಡ್ರಿಯವರು ಸರ್?"

"ಇದೇ ಲಾಂಡ್ರಿ."

ಬೆಂಚುಗಳು ಕಿರುಗುಟ್ಟಿದವು. ನಮ್ಮ ವಕೀಲೆ ತಟ್ಟನೆ ನನ್ನತ್ತ ತಿರುಗಿದಳು.

"ಅವರೂ ಇದೇ ಪುಸ್ತಕದಲ್ಲಿ ನೋವಿಲ್ಲ ಅಂತ ಹಾಕಿದ್ದರಾ?"

"ಹಾಕಿರಬೇಕು."

"ಅದೇ ಮೆಷಿನ್ನು, ಅದೇ ಪುಸ್ತಕ, ಅದೇ ಪಾಳಿ ಪಟ್ಟಿ. ಅವರೊಬ್ಬರು ಪ್ರಾಮಾಣಿಕರು, ಇಲ್ಲಿ ಕೂತವರೆಲ್ಲ ಹೆದರಿ ಸುಳ್ಳು ಹೇಳಿದವರು. ಹೇಗೆ ಸರ್? ಅವರ ಮಾತು ನಂಬಬಹುದಾದರೆ ಇವರದ್ದೂ ನಂಬಬೇಕು. ಇಲ್ಲವಾದರೆ ನಿಮ್ಮ ಏಳನೇ ಟಿಪ್ಪಣಿ ಸುಳ್ಳಾಗಬೇಕು. ಎರಡರಲ್ಲಿ ಯಾವುದು?"

ಅವನಿಗೆ ನನ್ನಂಥವರ ನಾಡಿ ಗೊತ್ತಿತ್ತು. ಮೂವತ್ತು ವರ್ಷದ ಹೆಸರನ್ನು ಯಾವ ಪ್ರಾಧ್ಯಾಪಕನೂ ತುಂಬಿದ ಕೋಣೆಯಲ್ಲಿ ಬಿಟ್ಟುಕೊಡುವುದಿಲ್ಲ ಎಂಬ ಧೈರ್ಯದ ಮೇಲೆ ಕೇಳಿದ್ದ. ತಪ್ಪೇನಲ್ಲ. ಉತ್ತರ ಆಗಲೇ ನನ್ನ ನಾಲಿಗೆಯ ತುದಿಗೆ ಬಂದಿತ್ತು: ಆಕೆ ನನಗೆ ಹೇಳಿದ್ದು ಮನೆಯಲ್ಲಿ, ಪುಸ್ತಕದಲ್ಲಿ ಬರೆದದ್ದೇ ಬೇರೆ, ಮನೆಯಲ್ಲಿ ಆಡಿದ ಮಾತೇ ಬೇರೆ. ಸೊಗಸಾದ ಭೇದ. ಇನ್ನೊಂದು ಲೇಖನ ಬರೆಯಬಹುದಾದಷ್ಟು ಸೊಗಸು.

ಮುಂದಿನ ಬೆಂಚಿನ ಹೆಂಗಸೊಬ್ಬಳು ನೀರಿನ ಲೋಟವನ್ನು ಎರಡು ಮಣಿಕಟ್ಟುಗಳ ನಡುವೆ ಹಿಡಿದೆತ್ತಿ ಒಂದು ಗುಟುಕು ಕುಡಿದು, ಚೆಲ್ಲದ ಹಾಗೆ ಕೆಳಗಿಟ್ಟಳು. ಪಕ್ಕದವರು ಯಾರೂ ನೆರವಿಗೆ ಕೈಚಾಚಲಿಲ್ಲ. ಅವರಿಗೆ ಅದು ರೂಢಿ.

"ಟಿಪ್ಪಣಿ ಸುಳ್ಳು" ಎಂದೆ.

"ತಪ್ಪು ತಿಳಿದಿದ್ದಿರಿ ಅಂತಲಾ?"

"ಅಲ್ಲ. ಸರಿಯಾಗಿಯೇ ತಿಳಿದಿದ್ದೆ. ಆಕೆ ನನ್ನ ಅಕ್ಕ. ನೋವಿಲ್ಲ ಅಂದಳು. ನೋವಿದ್ದದ್ದನ್ನ ಅದೇ ಸಂಜೆ ಕಣ್ಣಾರೆ ನೋಡಿದ್ದೆ. ನೋಡಿಯೂ ಹಾಗೆ ಬರೆದೆ. ಬರೆಯದೆ ಇದ್ದಿದ್ದರೆ ಲೇಖನ ಅಚ್ಚಾಗ್ತಿರಲಿಲ್ಲ."

ವಿಚಾರಣಾಧಿಕಾರಿ ಕನ್ನಡಕ ತೆಗೆದರು. "ಇದನ್ನ ಹೀಗೇ ಬರೆಸಲಾ ಸರ್? ಆಮೇಲೆ ಬದಲಾಯಿಸೋಕಾಗಲ್ಲ."

"ಹೀಗೇ ಬರೆಸಿ."

ಮಧ್ಯಾಹ್ನಕ್ಕೆ ಅವರು ನೋವಿನ ಪುಸ್ತಕವನ್ನು ಸಾಕ್ಷ್ಯವಾಗಿ ಒಪ್ಪುವುದಿಲ್ಲ ಎಂದು ಆದೇಶ ಬರೆಸಿದರು. ಮೆಷಿನ್ನಿನ ತಡೆಯ ವಿಷಯ ಮುಂದಿನ ತಿಂಗಳಿಗೆ ಹೋಯಿತು. ನಾನು ಮೆಟ್ಟಿಲು ಇಳಿಯುವಷ್ಟರಲ್ಲಿ ಸುದ್ದಿ ವಿಭಾಗದ ಮುಖ್ಯಸ್ಥರಿಗೆ ಮುಟ್ಟಿತ್ತು.

"ಏನ್ರೀ ನೋವಿನ ಮೇಷ್ಟ್ರೇ, ಹುಚ್ಚೇನ್ರೀ ನಿಮಗೆ?" ಎಂದರು ಫೋನಿನಲ್ಲಿ. "ಉದಾಹರಣೆ ಅಂದ್ರೆ ಉದಾಹರಣೆ ಕಣ್ರೀ. ನಿಮ್ಮ ಗೌರವ ಗ್ರಂಥ ಅಚ್ಚಿಗೆ ಹೋಗಿದೆ, ಹದಿನಾಲ್ಕು ಜನ ಆ ಲೇಖನದ ಮೇಲೇ ಬರೆದಿದ್ದಾರೆ. ಅವರಿಗೆಲ್ಲ ಏನು ಹೇಳಲಿ?"

"ನಿಲ್ಲಿಸಿ ಅಂತ ಹೇಳಿ. ಲೇಖನ ಹಿಂತೆಗೆದುಕೊಳ್ತೀನಿ ಅಂತ ಪತ್ರಿಕೆಗೆ ಇವತ್ತೇ ಬರೀತೀನಿ."

ಅವರು ಇನ್ನೂ ಏನೋ ಕೂಗಾಡುತ್ತಿದ್ದರು. ಹಗುರಾದೆನೆಂದು ಯಾರಾದರೂ ತಿಳಿದರೆ ಅದು ತಪ್ಪು. ಒಂದು ವಾಕ್ಯ ಹೇಳುವುದಕ್ಕೆ ಮೂವತ್ತು ವರ್ಷ ತೆಗೆದುಕೊಂಡಿದ್ದೆ. ಅಷ್ಟೂ ವರ್ಷ ಲಾಂಡ್ರಿಯ ಆ ಪುಸ್ತಕದಲ್ಲಿ ಹೊಸ ಹೆಸರುಗಳು ಸೇರುತ್ತಲೇ ಇದ್ದವು.

ಮೆಟ್ಟಿಲ ಬುಡದಲ್ಲಿ, ಮಣಿಕಟ್ಟಿನಲ್ಲಿ ಲೋಟ ಹಿಡಿದಿದ್ದ ಆ ಹೆಂಗಸು ನಿಂತಿದ್ದಳು. ಥ್ಯಾಂಕ್ಸ್ ಹೇಳುತ್ತಾಳೇನೋ ಎಂದು ಹೆದರಿದೆ.

"ನಿಮ್ಮಕ್ಕ ಯಾವ ಮೆಷಿನ್ ಮೇಲೆ ಇದ್ರು?"

"ಇಸ್ತ್ರಿ ಮೆಷಿನ್ನು."

"ಅದು ಗೊತ್ತು. ಎಷ್ಟನೇ ನಂಬರು? ಒಟ್ಟು ಆರಿವೆ."

ನನಗೆ ಗೊತ್ತಿರಲಿಲ್ಲ. ಇಪ್ಪತ್ತು ಭಾಷಣ, ಎರಡು ಪುಸ್ತಕ, ಎಲ್ಲದರಲ್ಲೂ ಆ ಕೈ ಇದೆ. ಅದನ್ನು ಸುಟ್ಟದ್ದು ಯಾವ ಮೆಷಿನ್ನು ಎಂದು ಒಂದು ಸಲವೂ ಕೇಳಿರಲಿಲ್ಲ.

"ಗೊತ್ತಿಲ್ಲ" ಎಂದೆ.

"ಕೇಳಿ ಹೇಳಿ. ಮೂರನೇದಾಗಿದ್ರೆ ಅದು ಹಳೇದು, ಇನ್ನೂ ಅಲ್ಲೇ ಇದೆ. ಅದರ ಮೇಲಿನ ಹಲಗೆ ಯಾವಾಗ ಜಾರಿ ಬೀಳುತ್ತೆ, ಅವರು ಹೇಗೆ ಕೈ ತಪ್ಪಿಸ್ತಿದ್ರು ಅಂತಾನೂ ಕೇಳಿ. ತಡೆ ಬರೋದು ಯಾವಾಗ್ಲೋ. ನಾಳೆ ಬೆಳಗ್ಗೆ ಆರಕ್ಕೆ ಅದರ ಮೇಲೆ ನಮ್ಮ ಹೊಸ ಹುಡುಗಿ ಪಾಳಿ."

ಕೈಯಲ್ಲಿದ್ದ ಫೋನನ್ನು ಮುಖ್ಯಸ್ಥರು ಮಾತಾಡುತ್ತಿದ್ದಂತೆಯೇ ಕಡಿದು, ಅಕ್ಕನ ನಂಬರು ಒತ್ತಿದೆ.